ಹೊಟ್ಟೆಗೆ ಹಿಟ್ಟಿಲ್ಲದ ಕಾಲದಲ್ಲಿ ಚಮ್ಕಿ ಹಚ್ಕೊಂಡವರು: ಗ್ಲ್ಯಾಮ್ ರಾಕ್ ವಿಷಯ ಇನ್ನೂ ಯಾಕೆ ಮುಗಿದಿಲ್ಲ

ಲಂಡನ್ನಿನ ಪೂರ್ವಕ್ಕೆ, 2012ರ ಒಲಿಂಪಿಕ್ಸ್ ನಡೆದ ಜಾಗದಲ್ಲಿ, ವಿ ಅಂಡ್ ಎ ಮ್ಯೂಸಿಯಂನವರ ಒಂದು ದೊಡ್ಡ ಉಗ್ರಾಣ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಅದರೊಳಗೆ ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವೀ ಹೆಸರಲ್ಲಿ ಡೇವಿಡ್ ಬೋವೀ ಸೆಂಟರ್ ಅಂತ ಶುರುವಾಯ್ತು. 90,000ಕ್ಕೂ ಹೆಚ್ಚು ವಸ್ತುಗಳಿವೆ ಅಲ್ಲಿ, ವೇಷಭೂಷಣ, ಕೈಬರಹದ ಸಾಲುಗಳು, ಫೋಟೋ, ವಾದ್ಯ ಎಲ್ಲ. ಮೊದಲೇ ಬುಕ್ ಮಾಡಿದ್ರೆ ನಿಮಗೆ ಬೇಕಾದ್ದನ್ನ ಸಿಬ್ಬಂದಿ ತಂದು ಮೇಜಿನ ಮೇಲೆ ಇಟ್ಟು ತೋರಿಸ್ತಾರೆ. ಅದೇ ವರ್ಷ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೆನೆಸೀ ರಾಜ್ಯದ ಒಂದು ಕಾನೂನಿನ ಮೇಲಿನ ಅರ್ಜಿಯನ್ನ ಕೇಳೋದಿಲ್ಲ ಅಂತ ವಾಪಸ್ ಕಳಿಸ್ತು. 2023ರ ಮಾರ್ಚ್‌ನಲ್ಲಿ ಗವರ್ನರ್ ಸಹಿ ಹಾಕಿದ ಆ ಕಾನೂನು, ಮಕ್ಕಳಿಗೆ ಹಾನಿ ಅನ್ನಿಸೋಂಥ ಪ್ರದರ್ಶನಗಳನ್ನ ಸಾರ್ವಜನಿಕ ಜಾಗದಲ್ಲಿ ಮಾಡಬಾರದು ಅನ್ನತ್ತೆ, ಆದ್ರೆ ಆ ಪ್ರದರ್ಶನ ಮಾಡೋರ ಪಟ್ಟಿಯಲ್ಲಿ ಬಟ್ಟೆ ಬಿಚ್ಚಿ ಕುಣಿಯೋರ ಪಕ್ಕದಲ್ಲೇ ಹೆಣ್ಣಿನ ವೇಷ ಹಾಕೋ ಗಂಡು, ಗಂಡಿನ ವೇಷ ಹಾಕೋ ಹೆಣ್ಣು ಅಂತಾನೂ ಸೇರಿಸಿದೆ. ಒಬ್ಬ ಫೆಡರಲ್ ಜಡ್ಜ್ 2023ರ ಜೂನ್‌ನಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಅಂದಿದ್ರು, 2024ರ ಜುಲೈನಲ್ಲಿ ಮೇಲಿನ ಕೋರ್ಟು ಅರ್ಜಿ ಹಾಕಿದವರಿಗೆ ಹಾಕೋ ಹಕ್ಕೇ ಇಲ್ಲ ಅಂತ ಆ ತೀರ್ಪು ತೆಗೆದುಹಾಕ್ತು, ಅಲ್ಲಿಗೆ ಕಾನೂನು ಹಾಗೇ ಉಳೀತು.

ಈ ಎರಡು ಸುದ್ದಿ ಒಟ್ಟಿಗೆ ಓದಿದಾಗ ನನಗೆ ನೆನಪಾಗಿದ್ದು 1972ರ ಸೆಪ್ಟೆಂಬರ್ 24. ಅವತ್ತು ಬೋವೀ ತನ್ನ ಮೊದಲ ಅಮೆರಿಕ ಪ್ರವಾಸದಲ್ಲಿ, ಕೆಂಪು ಕೂದಲು, ಕಣ್ಣಿಗೆ ಬಣ್ಣ, ಮೈಗಂಟಿದ ಮಿರಮಿರ ಬಟ್ಟೆ ಹಾಕ್ಕೊಂಡು ಹಾಡಿದ್ದು ಮೆಂಫಿಸ್‌ನಲ್ಲಿ. ಮೆಂಫಿಸ್ ಇರೋದು ಟೆನೆಸೀಯಲ್ಲೇ. ಅವತ್ತು ಅವನು ಹಾಕ್ಕೊಳ್ತಿದ್ದಂಥ ಬಟ್ಟೆಗಳನ್ನ ಇವತ್ತು ಗಾಜಿನ ಹಿಂದೆ, ತಂಪು ಕೋಣೆಯಲ್ಲಿ ನಾಜೂಕಾಗಿ ಕಾಪಾಡ್ತಿದಾರೆ, ಆದ್ರೆ ಅಂಥ ಬಟ್ಟೆ ಹಾಕ್ಕೊಂಡು ಬದುಕೋ ಜನ ಲಾಯರ್ ಹುಡುಕ್ತಾ ಕೋರ್ಟಿಂದ ಕೋರ್ಟಿಗೆ ಅಲೀತಿದಾರೆ. ಇದು ಹೇಗಾಯ್ತು ಅಂತ ಅರ್ಥ ಆಗ್ಬೇಕಂದ್ರೆ ಬೋವೀ ಥರದ ಹುಡುಗರು ಮೇಕಪ್, ಮಿನುಗೋ ಬಟ್ಟೆ ಹಾಕ್ಕೊಂಡು ಹಾಡ್ತಿದ್ದ 1970ರ ದಶಕದ ಆ ಗ್ಲ್ಯಾಮ್ ರಾಕ್ ಅಂದ್ರೆ ಏನು, ಅದು ನಿಜವಾಗ್ಲೂ ಏನು ಮಾಡ್ತು, ಏನು ಮಾಡೋಕೆ ಆಗ್ಲಿಲ್ಲ ಅಂತ ಸ್ವಲ್ಪ ಬಿಡಿಸಿ ನೋಡ್ಬೇಕು.

ಮೊದಲು ಕಾಲ. 1970ರ ದಶಕದ ಶುರುವಿನ ಬ್ರಿಟನ್ ಅಂದ್ರೆ ಥಳಕು ಬಳುಕಿನ ದೇಶ ಅಲ್ಲ. 1972ರ ಜನವರಿಯಲ್ಲಿ ಕೆಲಸ ಇಲ್ಲದವರ ಸಂಖ್ಯೆ 10 ಲಕ್ಷ ದಾಟ್ತು, ಅದೇ ತಿಂಗಳು ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ರು, ಫೆಬ್ರವರಿಯಲ್ಲಿ ಸರ್ಕಾರ ತುರ್ತು ಪರಿಸ್ಥಿತಿ ಘೋಷಿಸಿ ಮನೆ ಮನೆಗೆ ಸರದಿ ಮೇಲೆ ಕರೆಂಟ್ ತೆಗೀತು. 1973ರ ಕೊನೆಗೆ ತೈಲದ ಬಿಕ್ಕಟ್ಟು ಬಂತು, 1974ರ ಜನವರಿಯಿಂದ ಮಾರ್ಚ್‌ವರೆಗೆ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟ್, ಟಿವಿ ಕೂಡ ಕೆಲವು ವಾರ ರಾತ್ರಿ ಹತ್ತೂವರೆಗೆ ಬಂದ್. ಇಂಥ ಹೊತ್ತಲ್ಲಿ ಸ್ಯಾಟಿನ್ ಜಾಕೆಟ್ಟು, ಗೇಣುದ್ದ ಹಿಮ್ಮಡಿಯ ಬೂಟು, ಕೆನ್ನೆ ಮೇಲೆ ಚಮ್ಕಿ ಹಾಕ್ಕೊಂಡು ಹುಡುಗರು ಹಾಡೋಕೆ ನಿಂತ್ರೆ ನಮ್ಮೂರಿನ ಹಿರಿಯರಾಗಿದ್ರೆ ಏನನ್ನೋರು ಅಂತ ಗೊತ್ತೇ ಇದೆ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು. ಅಲ್ಲಿನ ದೊಡ್ಡೋರೂ ಅವರ ಭಾಷೇಲಿ ಅದನ್ನೇ ಅಂದ್ರು. ಸೀರಿಯಸ್ ರಾಕ್ ಕೇಳೋರಂತೂ ಇದು ಮಕ್ಕಳ ಆಟ, ಸಂಗೀತವೇ ಅಲ್ಲ ಅಂದ್ರು. ಆದ್ರೆ ಆ ಗಾದೆಯನ್ನ ನಾನು ಯಾವತ್ತೂ ಪೂರ್ತಿ ಒಪ್ಪಿಲ್ಲ, ಯಾಕಂದ್ರೆ ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಮಲ್ಲಿಗೆ ಹೂವಿನ ಆಸೆ ಇರಬಾರದು ಅಂತ ಹೇಳೋರು ಯಾವಾಗ್ಲೂ ಹೊಟ್ಟೆ ತುಂಬಿದವರೇ ಆಗಿರ್ತಾರೆ.

ಶುರು ಆಗಿದ್ದು ಮಾರ್ಕ್ ಬೋಲನ್ ಅನ್ನೋ ಹುಡುಗನಿಂದ. 1947ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದವನು, ಹುಟ್ಟು ಹೆಸರು ಮಾರ್ಕ್ ಫೆಲ್ಡ್. 1967ರಿಂದ ಟಿರಾನೋಸಾರಸ್ ರೆಕ್ಸ್ ಅಂತ ಒಂದು ಜೋಡಿ ಕಟ್ಕೊಂಡು ನೆಲದ ಮೇಲೆ ಕೂತು ಅಕೌಸ್ಟಿಕ್ ಗಿಟಾರ್, ಬೋಂಗೋ ಇಟ್ಕೊಂಡು ಮಾಯಾಲೋಕದ ಹಾಡು ಹಾಡ್ತಿದ್ದ, ಕೇಳೋರು ಹಿಪ್ಪಿಗಳು. 1970ರಲ್ಲಿ ಹೆಸರನ್ನ ಟಿ. ರೆಕ್ಸ್ ಅಂತ ಕಿರಿದು ಮಾಡ್ದ, ಎಲೆಕ್ಟ್ರಿಕ್ ಗಿಟಾರ್ ಎತ್ಕೊಂಡ. 1971ರ ಮಾರ್ಚ್‌ನಲ್ಲಿ 'ಹಾಟ್ ಲವ್' ಹಾಡು ಬ್ರಿಟನ್ನಿನಲ್ಲಿ ಆರು ವಾರ ನಂಬರ್ ಒನ್ ಆಗಿ ಕೂತ್ಕೊಳ್ತು. ಆ ಹಾಡಿಗೆ ಬಿಬಿಸಿಯ 'ಟಾಪ್ ಆಫ್ ದ ಪಾಪ್ಸ್' ಕಾರ್ಯಕ್ರಮಕ್ಕೆ ಹೋದಾಗ ಅವನ ಕಣ್ಣಿನ ಕೆಳಗೆ ಚೂರು ಗ್ಲಿಟರ್ ಇತ್ತು, ಅದನ್ನ ಹಚ್ಚಿದ್ದು ಚೆಲೀಟಾ ಸೆಕುಂಡಾ ಅನ್ನೋ ಹೆಣ್ಣುಮಗಳು ಅಂತ ಹೇಳ್ತಾರೆ. ಗ್ಲ್ಯಾಮ್ ಹುಟ್ಟಿದ್ದು ಅವತ್ತು ಅನ್ನೋರೇ ಹೆಚ್ಚು. ಒಂದು ಚಿಟಿಕೆ ಮಿನುಗು ಪುಡಿ, ಅಷ್ಟೇ. ಸ್ಕೂಲ್ ಹುಡುಗಿಯರು ಅದನ್ನ ನೋಡಿ ಮಾರನೇ ವಾರ ತಾವೂ ಹಚ್ಕೊಂಡ್ರು, ಯಾಕಂದ್ರೆ ಅದಕ್ಕೆ ದುಡ್ಡು ಬೇಕಿರ್ಲಿಲ್ಲ. ಈ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ.

ಸಂಗೀತದ ವಿಷಯಕ್ಕೆ ಬಂದ್ರೆ, ಗ್ಲ್ಯಾಮ್ ಬರೀ ಬಟ್ಟೆ ಅನ್ನೋರು ಒಂದ್ಸಲ ಕಿವಿಗೆ ಹೆಡ್‌ಫೋನ್ ಹಾಕಿ 'ಗೆಟ್ ಇಟ್ ಆನ್' ಕೇಳ್ಬೇಕು. ಅದರ ಗಿಟಾರ್ ರಿಫ್, ಅಂದ್ರೆ ಮತ್ತೆ ಮತ್ತೆ ಬರೋ ಆ ತುಣುಕು, 1950ರ ದಶಕದ ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯದ್ದೇ, ಬೋಲನ್ ಅದನ್ನ ಮುಚ್ಚಿಡೋದೂ ಇಲ್ಲ, ಹಾಡಿನ ಕೊನೆಗೆ ಚಕ್ ಬೆರಿಯ ಒಂದು ಸಾಲನ್ನೇ ಗೊಣಗ್ತಾನೆ. ಆಗ ದೊಡ್ಡ ದೊಡ್ಡ ಬ್ಯಾಂಡುಗಳು ಇಪ್ಪತ್ತು ನಿಮಿಷದ ಹಾಡು, ಅದರಲ್ಲಿ ಹತ್ತು ನಿಮಿಷ ಕೀಬೋರ್ಡ್ ಸೋಲೋ ಅಂತ ಮುಂದೆ ಓಡ್ತಿದ್ದಾಗ ಇವರು ಹಿಂದಕ್ಕೆ ಹೋಗಿ ಮೂರು ನಿಮಿಷದ ರಾಕ್ ಅಂಡ್ ರೋಲನ್ನ ಎತ್ಕೊಂಡು ಬಂದ್ರು. ಅದಕ್ಕೆ ನಿರ್ಮಾಪಕ ಟೋನಿ ವಿಸ್ಕಾಂಟಿ ಪಿಟೀಲು, ಸೆಲ್ಲೋ ಜೋಡಿಸಿದ, ಹಿಂದೆ ಗಂಡಸರು ಕೀಚಲು ದನೀಲಿ ಹಾಡೋ ಕೋರಸ್ ಸೇರಿಸಿದ. ಡ್ರಮ್ ಮಾತ್ರ ನೇರ, ಚಪ್ಪಾಳೆ ತಟ್ಟೋಕೆ, ಕಾಲು ನೆಲಕ್ಕೆ ಒದಿಯೋಕೆ ಆಗೋ ಹಾಗೆ. ವುಲ್ವರ್‌ಹ್ಯಾಂಪ್ಟನ್ ಕಡೆಯ ಸ್ಲೇಡ್ ಬ್ಯಾಂಡಂತೂ ಬೂಟು ಕಾಲಲ್ಲಿ ನೆಲ ಕುಟ್ಟೋ ಸದ್ದನ್ನೇ ಹಾಡಿಗೆ ಹಾಕ್ತು, ಹಾಡಿನ ಹೆಸರುಗಳ ಸ್ಪೆಲ್ಲಿಂಗನ್ನ ತಾವು ಊರಲ್ಲಿ ಮಾತಾಡೋ ಹಾಗೇ ತಪ್ಪು ತಪ್ಪಾಗಿ ಬರೀತು, ಮೇಷ್ಟ್ರುಗಳು ಬೇಜಾರು ಮಾಡ್ಕೊಂಡ್ರು. 1973 ಒಂದೇ ವರ್ಷದಲ್ಲಿ ಅವರ ಮೂರು ಹಾಡು ಬಿಡುಗಡೆಯಾದ ವಾರವೇ ನೇರ ನಂಬರ್ ಒನ್‌ಗೆ ಬಂದ್ವು. ಸ್ಲೇಡ್‌ನ ಗಾಯಕ ನಾಡಿ ಹೋಲ್ಡರ್ ತಲೆ ಮೇಲಿನ ಟೋಪಿಗೆ ಸುತ್ತ ಕನ್ನಡಿ ಬಿಲ್ಲೆ ಅಂಟಿಸ್ಕೊಂಡಿದ್ದ, ಸ್ಟೇಜಿನ ಲೈಟ್ ಅದಕ್ಕೆ ಬಿದ್ದು ಕೊನೇ ಸಾಲಲ್ಲಿ ನಿಂತವನ ಮುಖದ ಮೇಲೂ ಬೆಳಕು ಓಡಾಡ್ಲಿ ಅಂತ.

ಇನ್ನೊಂದು ಕಾರಣ ಟಿವಿ. ಬಿಬಿಸಿ ಒನ್ ಚಾನೆಲ್ ಕಲರ್ ಆಗಿದ್ದು 1969ರ ನವೆಂಬರ್‌ನಲ್ಲಿ. ಬೂದು ಬಣ್ಣದ ಊರು, ಬೂದು ಬಣ್ಣದ ಆಕಾಶ, ಅದರ ಮಧ್ಯೆ ಮನೆಗೆ ಬಂದ ಹೊಸ ಪೆಟ್ಟಿಗೆಯಲ್ಲಿ ನೀಲಿ, ಕಿತ್ತಳೆ, ಬೆಳ್ಳಿ ಬಣ್ಣ. ಇಡೀ ದೇಶಕ್ಕೆ ಇದ್ದಿದ್ದು ಮೂರೇ ಚಾನೆಲ್, 'ಟಾಪ್ ಆಫ್ ದ ಪಾಪ್ಸ್'ಗೆ ಒಳ್ಳೇ ದಿನಗಳಲ್ಲಿ ಒಂದೂವರೆ ಕೋಟಿವರೆಗೂ ಜನ ಇರ್ತಿದ್ರು, ಅಪ್ಪ ಅಮ್ಮ ಅಜ್ಜಿ ಮಕ್ಕಳು ಎಲ್ಲ ಒಂದೇ ಸೋಫಾ. ಅಪ್ಪನಿಗೆ ಇಷ್ಟ ಇಲ್ಲದ್ದು ಅಪ್ಪನ ಕಣ್ಣೆದುರಿಗೇ, ಅಪ್ಪನೇ ಲೈಸೆನ್ಸ್ ದುಡ್ಡು ಕಟ್ಟಿದ ಟಿವಿಯಲ್ಲೇ ಬರ್ತಿತ್ತು. ಈಗ ಯಾರಿಗೇನು ಇಷ್ಟವೋ ಅವರವರ ಫೋನಲ್ಲಿ ಅವರವರಿಗೆ ಬರತ್ತೆ, ಅಪ್ಪನಿಗೆ ಮಗ ಏನು ನೋಡ್ತಿದಾನೆ ಅಂತಾನೇ ಗೊತ್ತಿರಲ್ಲ. ಹಾಗಾಗಿ ಗ್ಲ್ಯಾಮ್ ಕೊಟ್ಟ ಆ ಥರದ ಪೆಟ್ಟು ಈಗ ಯಾವ ಕಲಾವಿದನಿಗೂ ಕೊಡೋಕೆ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ, ಎಷ್ಟೇ ಬಣ್ಣ ಹಚ್ಚಿದ್ರೂ.

1972ರ ಜುಲೈ 6, ಗುರುವಾರ ಪ್ರಸಾರವಾದ ಆ ಮೂರೂವರೆ ನಿಮಿಷವನ್ನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ. ಬೋವೀ 'ಸ್ಟಾರ್‌ಮ್ಯಾನ್' ಹಾಡ್ತಿದಾನೆ. ಕೈಯಲ್ಲಿ ನೀಲಿ ಬಣ್ಣದ ಅಕೌಸ್ಟಿಕ್ ಗಿಟಾರ್, ಮೈಮೇಲೆ ಬಣ್ಣಬಣ್ಣದ ಚಿತ್ತಾರದ ಕೌದಿ ಥರ ಹೊಲಿದ ಜಂಪ್‌ಸೂಟ್, ಹೊಲಿದಿದ್ದು ಅವನ ಸ್ನೇಹಿತ ಫ್ರೆಡ್ಡಿ ಬರೆಟಿ. ಕೂದಲು ಕೆಂಪು, ಕತ್ತರಿಸಿ ಬಣ್ಣ ಹಾಕಿದ್ದು ಬೆಕನ್‌ಹ್ಯಾಮ್‌ನ ಒಂದು ಸಾಧಾರಣ ಪಾರ್ಲರ್‌ನಲ್ಲಿ ಕೆಲಸ ಮಾಡ್ತಿದ್ದ ಸೂಜಿ ಫಸ್ಸಿ ಅನ್ನೋ ಹುಡುಗಿ. ಕೋರಸ್ ಶುರುವಾಗುವಾಗ ದನಿ ಒಂದೇ ನೆಗೆತಕ್ಕೆ ಒಂದು ಆಕ್ಟೇವ್ ಮೇಲೆ ಹೋಗತ್ತೆ, ಕೆಳಗಿನ ಸದಿಂದ ಮೇಲಿನ ಸಕ್ಕೆ ಹಾರಿದ ಹಾಗೆ, ಅದು ಕೇಳ್ತಿದ್ದ ಹಾಗೇ ನಮಗೂ ನೆಲ ಬಿಟ್ಟ ಹಾಗಾಗತ್ತೆ. ಆಮೇಲೆ ಹಾಡಿನಲ್ಲಿ 'ನೀನು' ಅನ್ನೋ ಅರ್ಥದ ಪದ ಬರೋ ಕಡೆ ಕ್ಯಾಮೆರಾ ಒಳಗೇ ನೋಡಿ ಬೆರಳು ತಿರುಗಿಸಿ ತೋರಿಸ್ತಾನೆ. ಎಲ್ಲರಿಗೂ ಅಲ್ಲ, ನಿನಗೆ. ಕೋರಸ್‌ನಲ್ಲಿ ಗಿಟಾರ್ ನುಡಿಸೋ ಮಿಕ್ ರಾನ್ಸನ್‌ನ ಹೆಗಲ ಮೇಲೆ ಸುಮ್ಮನೆ, ತುಂಬ ಸಲೀಸಾಗಿ ಕೈ ಹಾಕ್ತಾನೆ, ಇಬ್ಬರೂ ಒಂದೇ ಮೈಕಿಗೆ ಹಾಡ್ತಾರೆ. ಅಷ್ಟೇ ಆಗಿದ್ದು. ಇವತ್ತು ನೋಡಿದ್ರೆ ಇದರಲ್ಲೇನಿದೆ ಅನ್ಸತ್ತೆ. ಆದ್ರೆ ಇಂಗ್ಲೆಂಡಿನಲ್ಲಿ ಗಂಡಸರಿಬ್ಬರ ಸಂಬಂಧ ಅಪರಾಧ ಅಲ್ಲ ಅಂತ, ಅದೂ 21 ದಾಟಿದವರಿಗೆ, ಅದೂ ನಾಲ್ಕು ಗೋಡೆ ಒಳಗೆ ಮಾತ್ರ, ಕಾನೂನು ಬಂದಿದ್ದೇ 1967ರಲ್ಲಿ. ಲಂಡನ್ನಿನ ಮೊದಲ ಪ್ರೈಡ್ ಮೆರವಣಿಗೆ ನಡೆದಿದ್ದು 1972ರ ಜುಲೈ 1ಕ್ಕೆ, ಅಂದ್ರೆ ಈ ಪ್ರಸಾರಕ್ಕೆ ಐದು ದಿನ ಮುಂಚೆ. ಬೀದಿಯಲ್ಲಿ ನಡೆದ ಆ ಧೈರ್ಯದವರನ್ನ ನೋಡೋಕೆ ಎಷ್ಟೋ ಹಳ್ಳಿ ಊರಿನ ಮಕ್ಕಳಿಗೆ ದಾರಿ ಇರ್ಲಿಲ್ಲ, ಹೆಗಲ ಮೇಲೆ ಬಿದ್ದ ಆ ಕೈ ಮಾತ್ರ ಅವರ ಹಾಲ್‌ಗೇ ಬಂತು. ಆಮೇಲೆ ತಾವೇ ಹೆಸರು ಮಾಡಿದ ಬಾಯ್ ಜಾರ್ಜ್, ಬೋನೋ, ಗ್ಯಾರಿ ಕೆಂಪ್ ಥರದವರು ಎಷ್ಟೋ ಜನ ಆ ಸಂಜೆ ಬಗ್ಗೆ ಹೇಳ್ಕೊಂಡಿದಾರೆ.

ಆ ರಾನ್ಸನ್ ಯಾರು ಅಂತ ಹೇಳ್ಲೇಬೇಕು. ಉತ್ತರದ ಹಲ್ ಊರಿನವನು, ಬೋವೀ ಬ್ಯಾಂಡಿಗೆ ಬರೋ ಮುಂಚೆ ಅಲ್ಲಿನ ನಗರಸಭೆಯ ಪಾರ್ಕುಗಳಲ್ಲಿ ತೋಟಗಾರ. 1970ರಲ್ಲಿ ಅವನನ್ನ ಲಂಡನ್ನಿಗೆ ಕರೆಯೋಕೆ ಹೋದಾಗ ರಗ್ಬಿ ಮೈದಾನದಲ್ಲಿ ಗೆರೆ ಹಾಕ್ತಿದ್ದನಂತೆ. ಬ್ಯಾಂಡಿನ ಉಳಿದಿಬ್ಬರೂ ಅದೇ ಯಾರ್ಕ್‌ಷೈರ್ ಕಡೆ ಹುಡುಗರು, ಗಂಡಸುತನದ ವಿಷಯದಲ್ಲಿ ತುಂಬ ಬಿಗಿ ಇರೋ ಸೀಮೆ ಅದು. ಈ ಬಟ್ಟೆ ಹಾಕ್ಕೊಳಲ್ಲ, ಮೇಕಪ್ ಹಚ್ಕೊಳಲ್ಲ ಅಂತ ಮೊದಲು ಹಟ ಮಾಡಿದ್ರು, ಆಮೇಲೆ ಹುಡುಗಿಯರು ಹೇಗೆ ನೋಡ್ತಾರೆ ಅಂತ ಗೊತ್ತಾದ ಮೇಲೆ ತಮ್ಮ ಬಣ್ಣದ ಡಬ್ಬಿ ಯಾರು ತಗೊಂಡ್ರು ಅಂತ ತಾವೇ ಕೇಳೋಕೆ ಶುರು ಮಾಡಿದ್ರು. ಗ್ಲ್ಯಾಮ್‌ನ ಅಂದ ಇರೋದೇ ಇಲ್ಲಿ ಅನ್ಸತ್ತೆ ನನಗೆ. ಕೆಲಸ ಮಾಡಿ ಗಟ್ಟಿಯಾದ ಕೈ, ಅದಕ್ಕೆ ಮಿನುಗೋ ತೋಳು. ಬಣ್ಣದ ಕೆಳಗೆ ಮನುಷ್ಯ ಕಾಣ್ತಾನೆ, ಕಾಣ್ಲಿ ಅಂತಾನೇ ಬಣ್ಣ.

ಗಂಡಸು ಹೆಣ್ಣಿನ ಬಟ್ಟೆ ಹಾಕೋದು ಬ್ರಿಟನ್ನಿಗೆ ಹೊಸದೇನಲ್ಲ, ಇದನ್ನೂ ಹೇಳ್ಬೇಕು. ಕ್ರಿಸ್‌ಮಸ್ ಹೊತ್ತಿನ ಪ್ಯಾಂಟೊಮೈಮ್ ನಾಟಕಗಳಲ್ಲಿ ದಪ್ಪ ಮೀಸೆಯವರೂ ಅಜ್ಜಿ ವೇಷ ಹಾಕಿ ನಗಿಸೋದು ತಲೆಮಾರುಗಳಿಂದ ಇದೆ, ಅದನ್ನ ಮಕ್ಕಳನ್ನ ಕರ್ಕೊಂಡೇ ಹೋಗಿ ನೋಡ್ತಾರೆ. ವ್ಯತ್ಯಾಸ ಏನಂದ್ರೆ ಅಲ್ಲಿ ಆ ವೇಷ ನಗೋಕೆ. ಗ್ಲ್ಯಾಮ್ ನಗಬೇಡ ಅಂತು, ಚೆನ್ನಾಗಿದಾನೆ ಅಲ್ವಾ ಅಂತ ಕೇಳ್ತು. ಬೋವೀ ಈ ಧಾಟಿಯನ್ನ ಕಲಿತಿದ್ದು ಜಪಾನಿನ ಕಬುಕಿ ರಂಗಭೂಮಿ ಕಡೆಯಿಂದ, ಅಲ್ಲಿ ಹೆಣ್ಣಿನ ಪಾತ್ರ ಗಂಡಸರೇ ಮಾಡ್ತಾರೆ, ಅದನ್ನ ಯಾರೂ ತಮಾಷೆ ಅಂತ ನೋಡಲ್ಲ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಇದನ್ನ ವಿವರಿಸೋ ಅಗತ್ಯವೇ ಇಲ್ಲ. 1973ರಲ್ಲಿ ಕನ್ಸಾಯ್ ಯಮಮೋಟೋ ಅನ್ನೋ ಜಪಾನಿ ವಿನ್ಯಾಸಕಾರ ಅವನಿಗೆ ಮಾಡಿಕೊಟ್ಟ ವೇಷಗಳಲ್ಲಿ ಕಬುಕಿಯ ಆ ತಕ್ಷಣ ವೇಷ ಬದಲಿಸೋ ತಂತ್ರವೂ ಇತ್ತು, ಸ್ಟೇಜಿನ ಮೇಲೇ ಎರಡು ಕಡೆಯಿಂದ ಎಳೆದು ಹರಿದ್ರೆ ಒಳಗಿಂದ ಇನ್ನೊಂದು ಬಟ್ಟೆ. ಹಾಗೇ ಅಮೆರಿಕದ ಕಪ್ಪು ಕಲಾವಿದರ ಸಾಲ ಇದೆ, ಅದನ್ನ ಜನ ಮರೀತಾರೆ. ಲಿಟಲ್ ರಿಚರ್ಡ್ 1950ರ ದಶಕದಲ್ಲೇ ಮುಖಕ್ಕೆ ದಟ್ಟ ಮೇಕಪ್ ಹಚ್ಚಿ, ಗೋಪುರದ ಥರ ಕೂದಲು ಎತ್ತಿ ಕಟ್ಟಿ ಪಿಯಾನೋ ಕುಟ್ತಿದ್ದ, ಅದಕ್ಕೂ ಮುಂಚೆ ಹೆಣ್ಣಿನ ವೇಷದಲ್ಲಿ ಪ್ರಿನ್ಸೆಸ್ ಲವಾನ್ ಅನ್ನೋ ಹೆಸರಲ್ಲಿ ಹಾಡಿದ್ದ. ಬೋವೀಗೆ ಚಿಕ್ಕಂದಿನಲ್ಲಿ ಅವನೇ ದೇವರು. ಟೆನೆಸೀಯಲ್ಲಿ ಇವತ್ತಿನ ಶಾಸಕರು ಹೊರಗಿನಿಂದ ಬಂದ ಹೊಸ ಪಿಡುಗು ಅನ್ನೋ ಥರ ಮಾತಾಡೋ ವೇಷ ಅಮೆರಿಕದ ದಕ್ಷಿಣದ ರಾಜ್ಯಗಳ ಸ್ಟೇಜಿನ ಮೇಲೇ ಎಪ್ಪತ್ತು ವರ್ಷದ ಹಿಂದೆ ಇತ್ತು.

ಭಾರತದ ಒಂದು ಎಳೆಯೂ ಇಲ್ಲಿ ಸೇರತ್ತೆ. ಜಂಜಿಬಾರ್‌ನಲ್ಲಿ 1946ರಲ್ಲಿ ಹುಟ್ಟಿದ ಪಾರ್ಸಿ ಹುಡುಗ ಫರೂಖ್ ಬುಲ್ಸಾರಾ ಓದಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಸ್ಕೂಲಲ್ಲಿ, ಅಲ್ಲೇ ಸ್ನೇಹಿತರ ಜೊತೆ ಹೆಕ್ಟಿಕ್ಸ್ ಅಂತ ಬ್ಯಾಂಡ್ ಕಟ್ಟಿ ಪಿಯಾನೋ ನುಡಿಸಿದ್ದು. 1964ರಲ್ಲಿ ಮನೆಯವರ ಜೊತೆ ಇಂಗ್ಲೆಂಡಿಗೆ ಹೋದ, ಫ್ರೆಡ್ಡಿ ಮರ್ಕ್ಯುರಿ ಆದ, ಕೆನ್ಸಿಂಗ್ಟನ್ ಮಾರ್ಕೆಟ್‌ನಲ್ಲಿ ಡ್ರಮ್ಮರ್ ರಾಜರ್ ಟೇಲರ್ ಜೊತೆ ಹಳೇ ಬಟ್ಟೆ ಮಾರೋ ಅಂಗಡಿ ಇಟ್ಟಿದ್ದ. 1974ರ ಫೆಬ್ರವರಿಯಲ್ಲಿ 'ಟಾಪ್ ಆಫ್ ದ ಪಾಪ್ಸ್'ಗೆ ಬೋವೀಯ ಹೊಸ ಹಾಡಿನ ಫಿಲ್ಮ್ ಸಮಯಕ್ಕೆ ಸಿಗದೆ ಹೋದಾಗ ಕೊನೇ ಗಳಿಗೆಯಲ್ಲಿ ಆ ಜಾಗಕ್ಕೆ ಕರೆದಿದ್ದು ಇವನು ಹಾಡ್ತಿದ್ದ, ಇನ್ನೂ ಹೆಸರಾಗದ ಕ್ವೀನ್ ಬ್ಯಾಂಡನ್ನ. ಅದೇ ವರ್ಷ ಜಾಂಡ್ರಾ ರೋಡ್ಸ್ ಹೊಲಿದ, ರೆಕ್ಕೆ ಥರ ಬಿಚ್ಚಿಕೊಳ್ಳೋ ನೆರಿಗೆಯ ಬಿಳಿ ಮೇಲಂಗಿ ಹಾಕ್ಕೊಂಡು ಅವನು ಸ್ಟೇಜಿಗೆ ಬಂದ. ವಲಸೆ ಬಂದ ಕಂದು ಬಣ್ಣದ ಹುಡುಗನಿಗೆ ಗ್ಲ್ಯಾಮ್ ಒಂದು ಬಾಗಿಲು ತೆಗೀತು, ಯಾಕಂದ್ರೆ ಅಲ್ಲಿ ಎಲ್ಲರೂ ಬೇರೆ ಗ್ರಹದಿಂದ ಬಂದವರ ಥರಾನೇ ಇದ್ರು.

ಇಷ್ಟೆಲ್ಲ ಹೊಗಳಿ ಕಹಿ ವಿಷಯ ಬಿಟ್ರೆ ತಪ್ಪಾಗತ್ತೆ. ಒಂದು, ಗ್ಯಾರಿ ಗ್ಲಿಟರ್. ಗ್ಲ್ಯಾಮ್‌ನ ದೊಡ್ಡ ಹೆಸರುಗಳಲ್ಲಿ ಒಂದು ಅವನದ್ದು, ಮಕ್ಕಳ ಮೇಲಿನ ಲೈಂಗಿಕ ಅಪರಾಧಕ್ಕೆ 2015ರಲ್ಲಿ ಲಂಡನ್ ಕೋರ್ಟು 16 ವರ್ಷ ಶಿಕ್ಷೆ ಕೊಟ್ಟಿದೆ, ಅದಕ್ಕೂ ಮುಂಚೆ ವಿಯೆಟ್ನಾಂನಲ್ಲೂ ಜೈಲಲ್ಲಿದ್ದ. ಅವನ ಹಾಡು ಹಾಕಬೇಕಾ ಬೇಡವಾ ಅಂತ ಚರ್ಚೆ ಮಾಡೋರಿಗೆ ನಾನು ಹೇಳೋದಿಷ್ಟೆ, ನಾನು ಹಾಕಲ್ಲ. ಆದ್ರೆ ಒಂದು ಮಾತು ಗಮನಿಸಿ, ಅವನು ಮೇಕಪ್ ಹಚ್ಚಿದ್ದಕ್ಕೆ ಅಪರಾಧಿ ಆಗ್ಲಿಲ್ಲ, ಅವನ ಬೆಳ್ಳಿ ಬಟ್ಟೆ ನೋಡಿ ಯಾವ ಮಗುವಿಗೂ ಹಾನಿ ಆಗ್ಲಿಲ್ಲ. ಹಾನಿ ಆಗಿದ್ದು ಹೆಸರು, ದುಡ್ಡು ಇರೋ ಒಬ್ಬ ದೊಡ್ಡ ಮನುಷ್ಯನನ್ನ ಯಾರೂ ಪ್ರಶ್ನೆ ಮಾಡದೇ ಇದ್ದಿದ್ದರಿಂದ. ಮಕ್ಕಳನ್ನ ಕಾಪಾಡ್ತೀವಿ ಅಂತ ವೇಷದ ಮೇಲೆ ಕಾನೂನು ಮಾಡೋರು ಕಣ್ಣಿಡಬೇಕಾದ ಜಾಗ ವೇಷ ಅಲ್ಲ, ಅಧಿಕಾರ.

ಇನ್ನೊಂದು ಜೊಬ್ರಾಯತ್ ಕಥೆ, ನನಗೆ ತುಂಬ ನೋವು ಕೊಡೋದು ಇದೇ. 1972ರ ಜನವರಿಯಲ್ಲಿ ಬೋವೀ ಒಂದು ಸಂಗೀತ ಪತ್ರಿಕೆಗೆ ತಾನು ಗೇ ಅಂತ ಹೇಳ್ದ, ದೊಡ್ಡ ಸುದ್ದಿ ಆಯ್ತು, ಅವನ ರೆಕಾರ್ಡುಗಳೂ ಮಾರಾಟ ಆದ್ವು. ಆಗ ಅವನಿಗೆ ಮದುವೆ ಆಗಿ ಮಗು ಇತ್ತು, 1983ರ ಹೊತ್ತಿಗೆ ಆ ಥರ ಹೇಳಿದ್ದು ತನ್ನ ದೊಡ್ಡ ತಪ್ಪು ಅಂತ ಹೇಳಿ ಕೈ ತೊಳ್ಕೊಂಡ. ಅಮೆರಿಕದ ಜೊಬ್ರಾಯತ್ ಮಾತ್ರ ಆಟ ಆಡ್ತಿರ್ಲಿಲ್ಲ, ಅವನಿದ್ದಿದ್ದೇ ಹಾಗೆ. 1973ರಲ್ಲಿ ಎಲೆಕ್ಟ್ರಾ ಕಂಪನಿ ಅವನ ರೆಕಾರ್ಡ್ ತಂತು, ತಾನು ಗೇ ಅಂತ ಬಿಚ್ಚಿ ಹೇಳ್ಕೊಂಡು ದೊಡ್ಡ ಕಂಪನಿ ಜೊತೆ ಒಪ್ಪಂದ ಮಾಡ್ಕೊಂಡ ಮೊದಲ ರಾಕ್ ಗಾಯಕ ಅವನೇ ಅಂತಾರೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ಅವನ ದೊಡ್ಡ ಹೋರ್ಡಿಂಗ್ ಹಾಕಿದ್ರು. ಎರಡು ಆಲ್ಬಂ ಬಂತು, ಜನ ತಗೊಳ್ಳಲಿಲ್ಲ, ಪತ್ರಿಕೆಗಳು ಆಡ್ಕೊಂಡ್ವು, ಕಂಪನಿ ಕೈಬಿಡ್ತು. 1983ರಲ್ಲಿ, ಬೋವೀ ತನ್ನ ಮಾತು ವಾಪಸ್ ತಗೊಂಡ ಅದೇ ವರ್ಷ, ಜೊಬ್ರಾಯತ್ ಏಡ್ಸ್‌ನಿಂದ ಚೆಲ್ಸಿ ಹೋಟೆಲಿನ ತನ್ನ ಕೋಣೆಯಲ್ಲಿ ತೀರಿಕೊಂಡ. ವೇಷ ಕಳಚಿ ಮನೆಗೆ ಹೋಗೋಕೆ ಆಗೋನಿಗೆ ಹೂಮಾಲೆ ಬಿತ್ತು, ಕಳಚೋಕೆ ಏನೂ ಇಲ್ಲದವನಿಗೆ ಯಾರೂ ಇರ್ಲಿಲ್ಲ. ಬೋವೀ ಅಂದ್ರೆ ನನಗೆ ಪ್ರಾಣ, ಆದ್ರೂ ಇದನ್ನ ಹೇಳದೇ ಇರೋಕಾಗಲ್ಲ. ಹೆಂಗಸರಿಗೂ ಜಾಗ ಕಮ್ಮಿನೇ ಇತ್ತು, ಡೆಟ್ರಾಯ್ಟ್‌ನಿಂದ ಬಂದ ಸೂಜಿ ಕ್ವಾಟ್ರೋ ಒಬ್ಬಳೇ ಲೆದರ್ ಸೂಟ್ ಹಾಕ್ಕೊಂಡು ಬೇಸ್ ಗಿಟಾರ್ ಹಿಡಿದು 1973ರಲ್ಲಿ ನಂಬರ್ ಒನ್ ತಲುಪಿದ್ದು. ಗಂಡಸರಿಗೆ ಹೆಣ್ಣಿನ ಬಣ್ಣ ಹಚ್ಚೋ ಸ್ವಾತಂತ್ರ್ಯ ಸಿಕ್ತು, ಹೆಣ್ಣಿಗೆ ಆ ಸ್ಟೇಜ್ ಅಷ್ಟು ಸುಲಭಕ್ಕೆ ಸಿಗ್ಲಿಲ್ಲ.

ಈಗ ಇವತ್ತಿನ ಮಾತು. ಗ್ಲ್ಯಾಮ್ 1975ರ ಹೊತ್ತಿಗೆ ಮುಗೀತು ಅಂತ ಪುಸ್ತಕಗಳಲ್ಲಿರತ್ತೆ, ಆದ್ರೆ ಅದು ಎಲ್ಲ ಕಡೆ ಹರೀತು. 1980ರ ದಶಕದಲ್ಲಿ ಲಾಸ್ ಏಂಜಲಿಸ್‌ನ ಸನ್‌ಸೆಟ್ ಸ್ಟ್ರಿಪ್‌ನ ಬ್ಯಾಂಡುಗಳು, ಜಪಾನಿನ ವಿಜುವಲ್ ಕೇ ಅನ್ನೋ ರಾಕ್ ಶೈಲಿ, 2021ರಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದ ಇಟಲಿಯ ಮೋನಸ್ಕಿನ್ ಬ್ಯಾಂಡ್, 2020ರಲ್ಲಿ ಗೌನ್ ಹಾಕ್ಕೊಂಡು ವೋಗ್ ಪತ್ರಿಕೆಯ ಮುಖಪುಟಕ್ಕೆ ಬಂದ ಹ್ಯಾರಿ ಸ್ಟೈಲ್ಸ್. ಇದೆಲ್ಲ ನೋಡಿ ಗ್ಲ್ಯಾಮ್ ಗೆದ್ದಿದೆ ಅಂತ ಎಷ್ಟೋ ಜನ ಬರೀತಾರೆ. ನನಗೆ ಹಾಗನ್ಸಲ್ಲ. ದುಬಾರಿ ಕಂಪನಿಯ ಗೌನು ಹಾಕ್ಕೊಂಡು ಫೋಟೋಗೆ ನಿಂತ ಕೋಟ್ಯಧಿಪತಿ ಹುಡುಗನನ್ನ ನೋಡಿ ಯಾವ ಮಿಡಲ್ ಸ್ಕೂಲ್ ಹುಡುಗನಿಗೂ ನಾನೂ ಇವತ್ತು ಸಂಜೆ ಹೀಗೆ ಮಾಡ್ಬಹುದು ಅನ್ಸಲ್ಲ, ಚೆಲೀಟಾಳ ಒಂದು ಚಿಟಿಕೆ ಗ್ಲಿಟರ್ ನೋಡಿದ್ರೆ ಅನ್ಸತ್ತೆ. ಜುಟ್ಟಿಗೆ ಮಲ್ಲಿಗೆ ಅಂದ್ರೆ ಮನೆ ಹಿತ್ತಿಲಿನ ಮಲ್ಲಿಗೆ ಆಗಿರಬೇಕಿತ್ತು. ಈಗ ಅದು ಶೋರೂಮಿನದ್ದು.

ದುಡ್ಡಿನ ಲೆಕ್ಕವೂ ಬದಲಾಗಿದೆ. 2022ರ ಜನವರಿಯಲ್ಲಿ ಬೋವೀಯ ಹಾಡುಗಳ ಹಕ್ಕನ್ನ ವಾರ್ನರ್ ಚಾಪೆಲ್ ತಗೊಳ್ತು, ಸುಮಾರು 25 ಕೋಟಿ ಡಾಲರ್ ಅಂತ ಪತ್ರಿಕೆಗಳಲ್ಲಿ ಬಂತು. ಮುಖಕ್ಕೆ ಬಿಳಿ ಕಪ್ಪು ಬಣ್ಣ ಬಳಿದು 1973ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಕಿಸ್ ಬ್ಯಾಂಡ್ 2023ರ ಡಿಸೆಂಬರ್ 2ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕೊನೇ ಶೋ ಮಾಡ್ತು, ಅವರು ಹೊರಟ ಕೂಡ್ಲೇ ಪರದೆ ಮೇಲೆ ಅವರದ್ದೇ ಡಿಜಿಟಲ್ ರೂಪಗಳು ಬಂದು ಹಾಡಿದ್ವು. ನಾಲ್ಕು ತಿಂಗಳಿಗೆ ಹಾಡು, ಹೆಸರು, ಆ ಬಳಿದ ಮುಖ ಎಲ್ಲವನ್ನೂ ಸ್ವೀಡನ್ನಿನ ಪಾಪ್‌ಹೌಸ್ ಕಂಪನಿಗೆ 30 ಕೋಟಿ ಡಾಲರ್‌ಗೂ ಹೆಚ್ಚಿಗೆ ಮಾರಿದ ಸುದ್ದಿ ಬಂತು. ಲಂಡನ್ನಿನಲ್ಲಿ 2022ರ ಮೇ ತಿಂಗಳಿಂದ ಸ್ವೀಡನ್ನಿನ ಆಬಾ ಬ್ಯಾಂಡಿನ ಡಿಜಿಟಲ್ ಶೋ ನಡೀತಿದೆ, ಅದರ ಹಿಂದೆ ಇರೋದೂ ಅದೇ ಪಾಪ್‌ಹೌಸ್. ಆಬಾ ಕೂಡ 1974ರಲ್ಲಿ ಬ್ರೈಟನ್‌ನಲ್ಲಿ ಯೂರೋವಿಷನ್ ಗೆದ್ದಿದ್ದು ಪಕ್ಕಾ ಗ್ಲ್ಯಾಮ್ ವೇಷದಲ್ಲೇ, ಬೆಳ್ಳಿ ಬೂಟು ಸಮೇತ. ಜನ ಅಲ್ಲಿ ಕುಣೀತಾರೆ, ಖುಷಿ ಪಡ್ತಾರೆ, ಅವರ ಖುಷಿ ಸುಳ್ಳು ಅಂತ ನಾನು ಹೇಳಲ್ಲ.

ಆದ್ರೆ ಮುಖವಾಡದ ಕೆಲಸ ಏನಾಗಿತ್ತು ಅಂತ ನೋಡಿ. 1973ರ ಜುಲೈ 3ಕ್ಕೆ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ಬೋವೀ ಸ್ಟೇಜಿಗೆ ಅಂತ ತಾನೇ ಕಟ್ಕೊಂಡಿದ್ದ ಜಿಗ್ಗಿ ಸ್ಟಾರ್‌ಡಸ್ಟ್ ಅನ್ನೋ ಪಾತ್ರವನ್ನ, ಅದು ಜನಪ್ರಿಯತೆಯ ತುದಿಯಲ್ಲಿದ್ದಾಗ, ಇದೇ ಕೊನೇ ಶೋ ಅಂತ ಸ್ಟೇಜ್ ಮೇಲೇ ಹೇಳಿ ಮುಗಿಸಿಬಿಟ್ಟ, ಬ್ಯಾಂಡಿನವರಲ್ಲೇ ಕೆಲವರಿಗೆ ವಿಷಯ ಗೊತ್ತಿರ್ಲಿಲ್ಲ. ವೇಷ ಹಾಕಿದವನಿಗೆ ಅದನ್ನ ಕಳಚೋ ಹಕ್ಕೂ ಇತ್ತು. ಕಂಪನಿ ಕೈಗೆ ಹೋದ ಮುಖಕ್ಕೆ ಆ ಹಕ್ಕಿಲ್ಲ, ಅದು ಟಿಕೆಟ್ ಮಾರಾಟ ಆಗೋವರೆಗೂ ಹಾಡ್ತಾನೇ ಇರ್ಬೇಕು.

ಮ್ಯೂಸಿಯಂ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ, ಉಳಿಸೋದು ಬೇಕು. ಎಷ್ಟು ಕಳ್ಕೊಂಡಿದೀವಿ ಅಂತ ಗೊತ್ತಿದ್ದವರು ಮ್ಯೂಸಿಯಂ ಬೈಯಲ್ಲ. ಬಿಬಿಸಿಯವರು ಆಗ ಟೇಪ್ ದುಬಾರಿ ಅಂತ 'ಟಾಪ್ ಆಫ್ ದ ಪಾಪ್ಸ್'ನ ಎಷ್ಟೋ ಕಂತುಗಳನ್ನ ಅಳಿಸಿ ಅದರ ಮೇಲೇ ಬೇರೆ ರೆಕಾರ್ಡ್ ಮಾಡಿದ್ರು. 1973ರ ಜನವರಿಯಲ್ಲಿ ಬೋವೀ 'ಜೀನ್ ಜೀನಿ' ಹಾಡಿದ್ದು ಹಾಗೇ ಹೋಗಿತ್ತು, ಸುಮಾರು 39 ವರ್ಷ ಯಾರೂ ನೋಡಿರ್ಲಿಲ್ಲ. ಅವತ್ತು ಕ್ಯಾಮೆರಾ ಹಿಡಿದಿದ್ದ ಜಾನ್ ಹೆನ್‌ಶಾಲ್ ಮಾತ್ರ ತಾನು ಮಾಡಿದ ಶಾಟ್‌ಗಳು ಚೆನ್ನಾಗಿ ಬಂದಿವೆ ಅಂತ ಒಂದು ಕಾಪಿ ಮಾಡಿ ಮನೇಲಿಟ್ಟಿದ್ರು, 2011ರಲ್ಲಿ ಅದು ಹೊರಗೆ ಬಂತು. ಕೆಲಸದ ಮೇಲಿನ ಒಬ್ಬ ಮನುಷ್ಯನ ಪ್ರೀತಿಯಿಂದ ಉಳಿದ ಟೇಪ್ ಅದು. ಬಟ್ಟೆಗೂ ಇದೇ ಗತಿ ಆಗ್ಬಹುದಿತ್ತು, ಬೋವೀ ತಾನೇ ಹುಷಾರಾಗಿ ಎತ್ತಿಟ್ಟಿದ್ದಕ್ಕೆ ಇವತ್ತು ನೋಡೋಕೆ ಸಿಗ್ತಿದೆ. ನನಗೆ ಬೇಜಾರಾಗೋದು ಬಟ್ಟೆಗೆ ಸಿಕ್ಕ ಮರ್ಯಾದೆ ಅದನ್ನ ಹಾಕೋರಿಗೆ ಸಿಗದೇ ಇರೋದಕ್ಕೆ, ಟೆನೆಸೀ ಕಾನೂನಿನ ಮೇಲೆ ಅರ್ಜಿ ಹಾಕಿದ್ದ ಮೆಂಫಿಸ್‌ನ ಒಂದು ಚಿಕ್ಕ ನಾಟಕ ತಂಡ ತನ್ನ ಶೋ ಮಾಡೋಕೆ ಜಡ್ಜ್ ಮುಂದೆ ನಿಲ್ಲಬೇಕಾಗಿ ಬಂದಿದ್ದಕ್ಕೆ.

ಕೊನೇದಾಗಿ ಇನ್ನೊಂದು ಟೇಪ್. 1977ರಲ್ಲಿ ಮಾರ್ಕ್ ಬೋಲನ್‌ಗೆ ಮ್ಯಾಂಚೆಸ್ಟರ್‌ನ ಗ್ರಾನಡಾ ಟಿವಿಯಲ್ಲಿ ಮಕ್ಕಳ ಸಮಯಕ್ಕೆ ಒಂದು ಪುಟ್ಟ ಕಾರ್ಯಕ್ರಮ ಸಿಕ್ಕಿತ್ತು. ಆರು ವರ್ಷದ ಹಿಂದಿನ ಆ ಹುಚ್ಚು ಜನಪ್ರಿಯತೆ ಹೋಗಿ, ಮೈ ದಪ್ಪ ಆಗಿ ಮತ್ತೆ ಇಳಿದು, ಪಂಕ್ ಹುಡುಗರನ್ನ ತನ್ನ ಜೊತೆ ಪ್ರವಾಸಕ್ಕೆ ಕರ್ಕೊಂಡು ಹೋಗಿ, ಮತ್ತೆ ಮೇಲೇಳ್ತಿದ್ದ ಕಾಲ. ಕೊನೇ ಕಂತಿಗೆ ಹಳೇ ಗೆಳೆಯ ಬೋವೀ ಬಂದ. ಇಬ್ಬರೂ ಪಕ್ಕಪಕ್ಕ ಗಿಟಾರ್ ಹಿಡಿದು ನಿಂತ್ರು, ಹಾಡು ಶುರುವಾಗಿ ಕೆಲವೇ ಸೆಕೆಂಡಿಗೆ ಬೋಲನ್ ಕಾಲು ಎಡವಿ ಸ್ಟೇಜಿಂದ ಕೆಳಗೆ ಬಿದ್ದ, ಬೋವೀ ಮುಖದಲ್ಲಿ ನಗು ಬಂತು. ಮತ್ತೆ ಶೂಟ್ ಮಾಡೋಕೆ ಟೈಮ್ ಇರ್ಲಿಲ್ಲ. ಸೆಪ್ಟೆಂಬರ್ 16ರ ಬೆಳಗಿನ ಜಾವ ಲಂಡನ್ನಿನ ಬಾರ್ನ್ಸ್‌ನಲ್ಲಿ ಕಾರು ಮರದ ಹತ್ತಿರ ಅಪಘಾತಕ್ಕೀಡಾಗಿ ಬೋಲನ್ ತೀರಿಕೊಂಡ, 30 ತುಂಬೋಕೆ ಎರಡು ವಾರ ಬಾಕಿ ಇತ್ತು. ಸೆಪ್ಟೆಂಬರ್ 28ಕ್ಕೆ ಆ ಕಂತು ಪ್ರಸಾರ ಆಯ್ತು, ಆ ಎಡವಿದ ಕಾಲು, ಆ ನಗು, ಎಲ್ಲ ಹಾಗೇ ಇಟ್ಕೊಂಡು.